ಗಾಡಿ ಅದುರುವುದು ಗೊತ್ತಿತ್ತು

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಅಜಾಕ್ಸ್ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನರಿಗೆ ಕಾಂಕ್ರೀಟ್ ಕಲಸುವ ಗಾಡಿ ನೆನಪಾಗಿರುತ್ತದೆ. ರಿಂಗ್ ರೋಡ್ ಕಡೆ ಎಲ್ಲಿ ಕಟ್ಟಡ ಏಳುತ್ತಿದ್ದರೂ ಒಂದು ನಿಂತಿರುತ್ತದೆ, ಅಲ್ವಾ. ಅದು ದೊಡ್ಡಬಳ್ಳಾಪುರದ್ದು. ನಾನು ಇವತ್ತು ಹೇಳುತ್ತಿರುವುದು ಬ್ರಿಟನ್ ಸೇನೆಯ ಅಜಾಕ್ಸ್. ಎರಡಕ್ಕೂ ಹೆಸರು ಬಿಟ್ಟರೆ ಬೇರೆ ಯಾವ ಸಂಬಂಧವೂ ಇಲ್ಲ.

ಸೇನೆಯ ಅಜಾಕ್ಸ್ ಚೈನಿನ ಮೇಲೆ ಓಡುವ ಕವಚದ ಗಾಡಿ. ನೋಡಿದರೆ ಟ್ಯಾಂಕ್ ಅಂತಲೇ ಅನ್ನಿಸುತ್ತದೆ. ಆದರೆ ಅದರ ಮುಖ್ಯ ಕೆಲಸ ಬೇಹುಗಾರಿಕೆ. ಮುಂದೆ ಹೋಗಿ ಶತ್ರು ಎಲ್ಲಿದ್ದಾನೆ ಅಂತ ನೋಡಿ, ಹಿಂದಿನವರಿಗೆ ತಿಳಿಸಬೇಕು. ಇದಕ್ಕೆ ಮುಂಚೆ ಈ ಕೆಲಸಕ್ಕೆ ಇದ್ದದ್ದು 1970ರ ದಶಕದ ಪುಟ್ಟ ಗಾಡಿಗಳು, ತೂಕ ಸುಮಾರು 8 ಟನ್. ಅವು ಹಳೆಯದಾದವು, ಹೊಸದು ಬೇಕು ಅಂತ ಹೊರಟರು. 2010ರಲ್ಲಿ ಜನರಲ್ ಡೈನಮಿಕ್ಸ್ ಕಂಪನಿಯ ವಿನ್ಯಾಸವನ್ನು ಆರಿಸಿದರು. 2014ರ ಸೆಪ್ಟೆಂಬರಿನಲ್ಲಿ 589 ಗಾಡಿಗಳಿಗೆ ಆರ್ಡರ್ ಕೊಟ್ಟರು. ಈಗ ಆ ಗುತ್ತಿಗೆಯ ಮೊತ್ತ ಸುಮಾರು 550 ಕೋಟಿ ಪೌಂಡ್. ಒಂದೇ ಮೈಕಟ್ಟಿನ ಮೇಲೆ ಆರು ತರಹದ ಗಾಡಿ: ತೋಪಿರುವುದು, ಜನ ಸಾಗಿಸುವುದು, ಕೆಟ್ಟ ಗಾಡಿ ಎಳೆಯುವುದು, ಹೀಗೆ.

ಈ ವಿನ್ಯಾಸ ಪೂರ್ತಿ ಹೊಸದೇನಲ್ಲ. ಆಸ್ಟ್ರಿಯಾ ಮತ್ತು ಸ್ಪೇನ್ ಸೇರಿ ಮಾಡಿದ ಆಸ್ಕೋಡ್ ಅನ್ನುವ ಗಾಡಿ ಇದರ ಮೂಲ. ಅದು 30 ಟನ್ ಒಳಗಿನ ಗಾಡಿ. ಬ್ರಿಟಿಷರು ಅದಕ್ಕೆ ದಪ್ಪ ಕವಚ ಬೇಕು, 40 ಮಿಲಿಮೀಟರ್ ತೋಪು ಬೇಕು, ಕ್ಯಾಮೆರಾ ಬೇಕು, ಕಂಪ್ಯೂಟರ್ ಬೇಕು ಅಂತ ಪಟ್ಟಿ ಬೆಳೆಸುತ್ತಾ ಹೋದರು. ಬೇಡಿಕೆಗಳ ಲೆಕ್ಕ ಸುಮಾರು 1,200 ಮುಟ್ಟಿತು. ಗಾಡಿ 40 ಟನ್ ಹತ್ತಿರ ಬಂತು. ನಮ್ಮಲ್ಲಿ ಎರಡು ಅಂತಸ್ತಿಗೆ ಹಾಕಿದ ಪಾಯದ ಮೇಲೆ ನಾಲ್ಕನೆಯದನ್ನೂ ಏರಿಸುತ್ತಾರಲ್ಲ, ಆ ತರಹ. ಪಾಯ ಕುಸಿಯುತ್ತದೆ ಅಂತಲ್ಲ. ಆದರೆ ಇಡೀ ಕಟ್ಟಡದ ನಡವಳಿಕೆ ಬೇರೆಯಾಗುತ್ತದೆ.

2017ರಲ್ಲಿ ಸೇವೆಗೆ ಬರಬೇಕಿತ್ತು, ಬರಲಿಲ್ಲ. 2020 ಅಂದರು, ಆಮೇಲೆ 2021ರ ಜೂನ್ ಅಂದರು. ತಡ ಆಗುವುದು ದೊಡ್ಡ ವಿಷಯವಲ್ಲ ಬಿಡಿ, ಎಲ್ಲ ದೇಶದ ಸೇನೆಯ ಖರೀದಿಯೂ ತಡವೇ. ಇಲ್ಲಿ ನನ್ನ ಕಿವಿ ನೆಟ್ಟಗಾದದ್ದು ಬೇರೆ ಕಾರಣಕ್ಕೆ. ಪರೀಕ್ಷೆಗೆ ಅಂತ ಒಳಗೆ ಕೂತ ಸೈನಿಕರು ಕಿವಿ ಗುಂಯ್‌ಗುಡುತ್ತಿದೆ, ಕೀಲು ಊದಿಕೊಂಡಿದೆ ಅಂತ ಹೇಳತೊಡಗಿದರು. 2020ರ ನವೆಂಬರಿನಲ್ಲಿ ಪರೀಕ್ಷೆ ನಿಂತಿತು. ಮತ್ತೆ ಶುರುವಾಯಿತು, 2021ರ ಜೂನಿನಲ್ಲಿ ಮತ್ತೆ ನಿಂತಿತು. ಗಂಟೆಗೆ 20 ಮೈಲಿಗಿಂತ ಜೋರಾಗಿ ಓಡಿಸಬಾರದು, 105 ನಿಮಿಷಕ್ಕಿಂತ ಜಾಸ್ತಿ ಒಳಗೆ ಕೂರಬಾರದು ಅಂತ ಪರೀಕ್ಷೆಯ ಹೊತ್ತಿನಲ್ಲಿ ಕಟ್ಟುಪಾಡು ಹಾಕಿದ್ದರು ಅಂತ ಆಗಿನ ಪತ್ರಿಕೆಗಳು ಬರೆದವು. ಬೇಹುಗಾರಿಕೆಗೆ ಹೋದವನು ಒಂದೂಮುಕ್ಕಾಲು ಗಂಟೆಗೆ ಇಳಿದು ಬರುವುದು ಹೇಗೆ ಅಂತ ನೀವೇ ಯೋಚಿಸಿ.

ಇಲ್ಲಿ ಸ್ವಲ್ಪ ನಿಂತು, ಸದ್ದು ಅಂದರೇನು ಅಂತ ನೋಡೋಣ. ಹಿಂದಿನ ಬೆಂಚಿನ ಹುಡುಗರಿಗೆ ಇದು ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ.

ಡೆಸಿಬೆಲ್ ಲೆಕ್ಕ ತರಕಾರಿ ತೂಕದ ಲೆಕ್ಕದ ಹಾಗಲ್ಲ. 3 ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ. 85ರಲ್ಲಿ ಎಂಟು ಗಂಟೆ ಕೂರುವುದೂ ಒಂದೇ, 88ರಲ್ಲಿ ನಾಲ್ಕು ಗಂಟೆ ಕೂರುವುದೂ ಒಂದೇ. 91ಕ್ಕೆ ಎರಡು ಗಂಟೆ. 94ಕ್ಕೆ ಒಂದು. 100 ಮುಟ್ಟಿತು ಅಂದರೆ ಕಾಲು ಗಂಟೆಯಲ್ಲಿ ದಿನದ ಪಾಲು ಮುಗಿಯಿತು. ಬ್ರಿಟನ್ನಿನ 2005ರ ನಿಯಮದ ಪ್ರಕಾರ 85 ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಲೇಬೇಕು. ಕಿವಿಯ ರಕ್ಷಣೆ ಹಾಕಿಕೊಂಡ ಮೇಲೂ ಒಳಗೆ 87 ದಾಟುವಂತಿಲ್ಲ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಗೆ 90 ಅಂತ ಇದೆ. ಐದೇ ತಾನೇ ವ್ಯತ್ಯಾಸ ಅನ್ನಬೇಡಿ. ಐದು ಅಂದರೆ ಮೂರು ಪಟ್ಟು.

ಕಿವಿಯ ಒಳಗೆ ಶಂಖದಂಥ ಒಂದು ಭಾಗ ಇದೆ. ಒಂದೊಂದು ಕಿವಿಯಲ್ಲೂ ಸುಮಾರು 15,000 ಕೂದಲು ಕೋಶಗಳು. ಸದ್ದು ಬಂದಾಗ ಬತ್ತದ ಗದ್ದೆ ಗಾಳಿಗೆ ಬಾಗಿದ ಹಾಗೆ ಬಾಗುತ್ತವೆ, ಮತ್ತೆ ಏಳುತ್ತವೆ. ಗಾಳಿ ಜೋರಾದರೆ ಮಲಗಿಬಿಡುತ್ತವೆ. ಗದ್ದೆಗಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಮನುಷ್ಯನ ಕಿವಿಯಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸು. ಅಂದರೆ ಕಿವುಡಾಗಿದ್ದೇವೆ ಅಂತ ನಮಗೇ ಗೊತ್ತಾಗುವುದಿಲ್ಲ. ಮಾತು ಕೇಳುತ್ತದೆ, ಆದರೆ ಸ, ಶ, ತ ತರಹದ ಅಕ್ಷರಗಳು ಜಾರುತ್ತವೆ. ನಮ್ಮ ಮನೆಯಲ್ಲಿ ‘ಸಾರು ಬೇಕಾ’ ಅಂದರೆ ನನಗೆ ‘ಯಾರು ಬೇಕಾ’ ಅಂತ ಕೇಳಿಸುತ್ತದೆ. ಮೂವತ್ತು ವರ್ಷ ಎಂಜಿನ್ ಪಕ್ಕ ನಿಂತದ್ದರ ಕೊಡುಗೆ. ಇಲ್ಲೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿದಾಗ, ಗ್ರಾಫಿನಲ್ಲಿ ಸರಿಯಾಗಿ 4,000ದ ಹತ್ತಿರ ಒಂದು ಗುಂಡಿ. ಎಡಗಡೆ ಜಾಸ್ತಿ.

ಕಂಪನದ್ದು ಇನ್ನೊಂದು ಕಥೆ. ಕೂತವನ ಬೆನ್ನುಮೂಳೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಅದುರುವ ಗಾಡಿಯಲ್ಲಿ ಅತಿ ಜಾಸ್ತಿ ಕುಣಿಯುತ್ತದೆ. ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ, ಸೊಂಟ ಹಿಡಿದುಕೊಂಡೇ ಉತ್ತರ ಹೇಳುತ್ತಾರೆ. ಕೈಗೆ ಬಡಿಯುವ ಕಂಪನ ಬೇರೆ. ಅದು ಬೆರಳಿನ ನರ, ರಕ್ತನಾಳಗಳನ್ನು ಕೆಡಿಸುತ್ತದೆ. ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತದೆ. ಇದಕ್ಕೂ ಬ್ರಿಟನ್ನಿನಲ್ಲಿ 2005ರದ್ದೇ ನಿಯಮ ಇದೆ, ಇಡೀ ಮೈಗೆ ಒಂದು ಮಿತಿ, ಕೈಗೆ ಒಂದು ಮಿತಿ.

ಇಷ್ಟು ಅದುರು ಎಲ್ಲಿಂದ ಬರುತ್ತದೆ? ನನಗೆ ಇಷ್ಟದ ಭಾಗ ಇದು, ಬೇಜಾರಾದರೆ ಎರಡು ನಿಮಿಷ ಸಹಿಸಿಕೊಳ್ಳಿ.

ಪೊಕ್ಲೇನ್ ಗಾಡಿ ಟಾರ್ ರೋಡ್ ಮೇಲೆ ಹೋಗುವುದನ್ನು ನೋಡಿದ್ದೀರಲ್ಲ. ಅದರ ಚೈನು ನಿಜಕ್ಕೂ ಚಕ್ರವಲ್ಲ, ಗಟ್ಟಿ ತುಂಡುಗಳ ಸಾಲು. ಒಂದೊಂದು ತುಂಡೂ ಸ್ಪ್ರಾಕೆಟ್, ಅಂದರೆ ಚೈನು ಎಳೆಯುವ ಹಲ್ಲಿನ ಚಕ್ರ, ಅದರ ಹಲ್ಲಿಗೆ ಕೂರುವಾಗ ಟಕ್ ಅಂತ ಬಡಿಯುತ್ತದೆ. ಲೆಕ್ಕ ಸುಲಭ. ಗಾಡಿ ಗಂಟೆಗೆ 36 ಕಿಲೋಮೀಟರ್ ಓಡುತ್ತಿದೆ ಅನ್ನಿ, ಸೆಕೆಂಡಿಗೆ 10 ಮೀಟರ್. ತುಂಡಿನ ಉದ್ದ 15 ಸೆಂಟಿಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 67 ಏಟು. ವೇಗ ಬದಲಾದರೆ ಏಟಿನ ಲಯವೂ ಬದಲು. ಈಗ ಗಾಡಿಯ ಒಡಲು ಅಂದರೆ ದೊಡ್ಡ ಉಕ್ಕಿನ ಪೆಟ್ಟಿಗೆ, ಅದರ ಒಂದೊಂದು ತಗಡಿಗೂ ತನ್ನದೇ ಶ್ರುತಿ ಇರುತ್ತದೆ. ಯಾವುದೋ ಒಂದು ವೇಗದಲ್ಲಿ ಏಟಿನ ಲಯ ತಗಡಿನ ಶ್ರುತಿಗೆ ಕೂಡಿಬಿಟ್ಟರೆ ಮುಗಿಯಿತು, ಇಡೀ ಗಾಡಿ ತಮಟೆ. ಒಳಗೆ ಕೂತವನು ತಮಟೆಯ ಒಳಗೇ ಕೂತ ಹಾಗೆ.

ಅಜಾಕ್ಸ್‌ನಲ್ಲಿ ಬ್ರಿಟನ್ ರಕ್ಷಣಾ ಇಲಾಖೆಯೇ ಪಟ್ಟಿ ಮಾಡಿದ ಕಾರಣಗಳು ಹೀಗಿದ್ದವು. ಚೈನಿನ ಬಿಗಿತ, ಸ್ಪ್ರಾಕೆಟ್ ವಿನ್ಯಾಸ, ಸಸ್ಪೆನ್ಷನ್. ಎಂಜಿನ್ ಕೂರಿಸಿದ ರೀತಿ. ಮೂರನೆಯದು ಕೆಲಸದ ಗುಣಮಟ್ಟ: ವೆಲ್ಡಿಂಗ್ ಸರಿ ಇಲ್ಲ, ಕೇಬಲ್ ಒಂದು ಗಾಡಿಯಲ್ಲಿ ಒಂದು ದಾರಿ, ಇನ್ನೊಂದರಲ್ಲಿ ಇನ್ನೊಂದು ದಾರಿ. ಒಡಲು ಸ್ಪೇನಿನಲ್ಲಿ ತಯಾರಾಗಿ, ವೇಲ್ಸಿನ ಮರ್ಥರ್ ಟಿಡ್ವಿಲ್ ಊರಿನಲ್ಲಿ ಜೋಡಣೆ ಆಗುತ್ತಿತ್ತು. ಮರ್ಥರ್ ಕಾರ್ಖಾನೆ ಮೊದಲು ಫೋರ್ಕ್‌ಲಿಫ್ಟ್ ಮಾಡುವ ಜಾಗ. ಈ ಮೂರನೇ ಕಾರಣ ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ. ಎಲ್ಲ ಗಾಡಿಯೂ ಒಂದೇ ತರಹ ಅದುರಿದರೆ ಒಂದು ಮದ್ದು ಸಾಕು. ಒಂದೊಂದು ಒಂದೊಂದು ತರಹ ಅದುರಿದರೆ ಯಾವುದನ್ನು ಅಳೆದು ಯಾವುದಕ್ಕೆ ಮದ್ದು ಕೊಡುತ್ತೀರಿ?

ಇನ್ನೊಂದು ಮೂಲವನ್ನು ಯಾರೂ ಊಹಿಸುವುದಿಲ್ಲ. ಹೆಡ್‌ಸೆಟ್. ಕಿವಿ ಕಾಪಾಡಲು ಕೊಟ್ಟದ್ದೇ ಕಿವಿಗೆ ಸದ್ದು ತುಂಬುತ್ತಿತ್ತು. ಇದು ಕವಚದ ಗಾಡಿಗಳಲ್ಲಿ ಹೇಗಾಗುತ್ತದೆ ಅಂತ ಹೇಳುತ್ತೇನೆ. ಒಳಗಿನವರು ಒಬ್ಬರಿಗೊಬ್ಬರು ಮಾತಾಡಲು ಬಾಯಿ ಹತ್ತಿರ ಮೈಕ್ ಇರುತ್ತದೆ. ಆ ಮೈಕಿಗೆ ಮಾತು ಯಾವುದು, ಚೈನಿನ ಸದ್ದು ಯಾವುದು ಅಂತ ಗೊತ್ತಾಗದಿದ್ದರೆ ಎರಡನ್ನೂ ಎತ್ತಿ ಎಲ್ಲರ ಕಿವಿಗೂ ಹಾಕುತ್ತದೆ. ಸದ್ದಿನಲ್ಲಿ ಮಾತು ಕೇಳುತ್ತಿಲ್ಲ ಅಂತ ಸೈನಿಕ ವಾಲ್ಯೂಮ್ ಏರಿಸುತ್ತಾನೆ. ಮಾತೂ ಏರಿತು, ಸದ್ದೂ ಏರಿತು. ಮದುವೆ ಮನೆಯಲ್ಲಿ ಓಲಗದ ಪಕ್ಕ ಕೂತು ಫೋನಿನಲ್ಲಿ ಮಾತಾಡಿದ್ದೀರಲ್ಲ, ಹಾಗೆ. ಆದ್ದರಿಂದ ಗಾಡಿಯ ಒಳಗೆ ಮೀಟರ್ ಇಟ್ಟು ಅಳೆದರೆ ಸಾಲದು, ಹೆಡ್‌ಸೆಟ್ಟಿನ ಒಳಗೆ ಅಳೆಯಬೇಕು. ಅಜಾಕ್ಸ್ ಸದ್ದಿಗೆ ಯಂತ್ರದ ಮೂಲವೂ ಇದೆ, ಈ ವಿದ್ಯುತ್ತಿನ ಮೂಲವೂ ಇದೆ ಅಂತ ಇಲಾಖೆ ಒಪ್ಪಿಕೊಂಡಿತು.

ಇಷ್ಟೆಲ್ಲ ಎಂಜಿನಿಯರಿಂಗ್ ಆಯಿತು. ಎಂಜಿನಿಯರಿಂಗ್ ತೊಂದರೆ ಯಾವ ಹೊಸ ಗಾಡಿಯಲ್ಲೂ ಇರುತ್ತದೆ. ಅದನ್ನು ಕಂಡುಹಿಡಿಯಲೆಂದೇ ಪರೀಕ್ಷೆ ಮಾಡುವುದು. ನಾನು ಈ ವಿಷಯ ಆರಿಸಿಕೊಂಡದ್ದು ಅದಕ್ಕಲ್ಲ.

2021ರ ಡಿಸೆಂಬರಿನಲ್ಲಿ ಡೇವಿಡ್ ಕಿಂಗ್ ಅವರ ವರದಿ ಹೊರಬಂತು. ಅವರು ಆಗ ರಕ್ಷಣಾ ಇಲಾಖೆಯಲ್ಲೇ ಆರೋಗ್ಯ ಮತ್ತು ಸುರಕ್ಷತೆಯ ನಿರ್ದೇಶಕರಾಗಿದ್ದರು. ಅದರಲ್ಲಿ ಬಂದ ತಾರೀಕುಗಳನ್ನು ಗಮನಿಸಿ. 2018ರ ಡಿಸೆಂಬರಿನಲ್ಲೇ ಸೇನೆಯ ಒಂದು ಸುರಕ್ಷತಾ ಸೂಚನೆ ಇತ್ತು. ಕಂಪನದ ಕಾರಣಕ್ಕೆ ಬಳಕೆಗೆ ಮಿತಿ ಹಾಕಿದ್ದರು, ಕಂಪನ ತಗ್ಗಿಸಲು ವಿನ್ಯಾಸವನ್ನೇ ಸುಧಾರಿಸಬೇಕು ಅಂತಲೂ ಬರೆದಿದ್ದರು. ಯಾರೂ ಸುಧಾರಿಸಲಿಲ್ಲ. 2020ರ ಜನವರಿಯಲ್ಲಿ ಮತ್ತೊಂದು ಸೂಚನೆ ಬಂತು. ಅದರಲ್ಲಿ ವಿನ್ಯಾಸ ಸುಧಾರಿಸಬೇಕು ಅನ್ನುವ ಸಾಲೇ ಇರಲಿಲ್ಲ. ಸಾಲು ಬಿಟ್ಟುಹೋಯಿತು, ಅದುರು ಹಾಗೇ ಉಳಿಯಿತು. ಆ ಸಾಲನ್ನು ಯಾರು ಬಿಟ್ಟರೋ. ಕೆಟ್ಟ ಉದ್ದೇಶವೇ ಇರಬೇಕು ಅಂತ ನಾನು ಹೇಳುವುದಿಲ್ಲ. ಕಚೇರಿಯಲ್ಲಿ ಹಳೆ ಪತ್ರ ನೋಡಿಕೊಂಡು ಹೊಸ ಪತ್ರ ಬರೆದವರಿಗೆ ಒಂದು ಪ್ಯಾರಾ ಹೇಗೆ ಸುಮ್ನೆ ಮಾಯವಾಗುತ್ತದೆ ಅಂತ ಗೊತ್ತು.

ಎರಡನೆಯದು ಇದಕ್ಕಿಂತ ಬೇಜಾರಿನದು. ಸೈನಿಕನ ಕಿವಿಗೆ, ಮೈಗೆ ಎಷ್ಟು ಬೀಳುತ್ತದೆ ಅಂತ ಕಂಪನಿ ಲೆಕ್ಕ ಹಾಕಿ ಕೊಟ್ಟಿತ್ತು. ರಕ್ಷಣಾ ಇಲಾಖೆಯ ಸ್ವಂತ ವಿಜ್ಞಾನ ಪ್ರಯೋಗಾಲಯ, ಡಿಎಸ್‌ಟಿಎಲ್ ಅಂತ, ಅಲ್ಲಿನ ತಜ್ಞರು ಈ ಲೆಕ್ಕ ನಂಬಬೇಡಿ ಅಂದರು. ಅವರ ಕಾರಣ ಸರಳ. ಲೆಕ್ಕಕ್ಕೆ ಆಧಾರವಾದದ್ದು ಪ್ರದರ್ಶನಕ್ಕೆ ಅಂತ ಮಾಡಿದ ಗಾಡಿ. ಸೈನಿಕರಿಗೆ ಸಿಗುವ ಗಾಡಿಗಳನ್ನು ಕಟ್ಟಿದ ರೀತಿಯೇ ಬೇರೆ. ಆ ಎಚ್ಚರಿಕೆಯ ಮೇಲೂ ಕ್ರಮ ಆಗಲಿಲ್ಲ. ಮಾವಿನ ಸೀಸನ್ನಿನಲ್ಲಿ ಬುಟ್ಟಿಯ ಮೇಲಿನ ಸಾಲು ಮುಟ್ಟಿ ನೋಡಿ ಕೆಳಗಿನದಕ್ಕೂ ದುಡ್ಡು ಕೊಟ್ಟುಬರುತ್ತೇವಲ್ಲ, ಅದೇ. ವ್ಯತ್ಯಾಸ ಏನೆಂದರೆ ಇವರ ಪಕ್ಕದಲ್ಲಿ ನಿಂತವನೊಬ್ಬ ‘ಸ್ವಾಮಿ, ಕೆಳಗಡೆ ನೋಡಿ’ ಅಂತ ಹೇಳುತ್ತಲೇ ಇದ್ದ.

ಇದಕ್ಕೆ ನಾನು ನಗುವ ಹಾಗಿಲ್ಲ, ನಾನೂ ಮಾಡಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಕಡೆ ಗಣಿಗೆ ಹೋಗುವ ಡಂಪರ್‌ಗಳ ಕಂಪನ ಅಳೆಯುವ ಕೆಲಸ ನನ್ನದು. ಸೀಟಿನ ಮೇಲೆ ಚಪ್ಪಟೆ ರಬ್ಬರ್ ತಟ್ಟೆ ಇಡುತ್ತೇವೆ, ಅದರೊಳಗೆ ಸೆನ್ಸರ್ ಇರುತ್ತದೆ, ಅದರ ಮೇಲೆ ಆಪರೇಟರ್ ಕೂರುತ್ತಾನೆ. ನಾನು ಅಳೆದೆ, ಮಿತಿಯ ಒಳಗೇ ಬಂತು, ವರದಿ ಬರೆದೆ. ಆರು ತಿಂಗಳಾದ ಮೇಲೆ ಗಣಿಗೆ ಹೋದಾಗ ಒಬ್ಬ ಹಿರಿಯ ಆಪರೇಟರ್, ‘ಸಾರ್, ನಿಮ್ಮ ತಟ್ಟೆಗೆ ಸೊಂಟ ನೋವು ಬರಲ್ಲ ಬಿಡಿ, ನೀವು ಒಂದು ಶಿಫ್ಟ್ ಕೂತು ನೋಡಿ’ ಅಂದ. ಕೂತೆ. ಮಧ್ಯಾಹ್ನ ಇಳಿಯುವಾಗ ಏಣಿ ಹಿಡಿಯಲು ಕೈ ಬರುತ್ತಿರಲಿಲ್ಲ. ಆಮೇಲೆ ನೋಡಿದರೆ ನಾನು ಅಳೆದ ಗಾಡಿಯಲ್ಲಿ ಹೊಸ ಸೀಟು ಇತ್ತು, ಅಂಗಳದ ರಸ್ತೆ ನುಣ್ಣಗಿತ್ತು. ಗಣಿಯ ಗಾಡಿಯಲ್ಲಿ ಸೀಟಿನ ಸ್ಪ್ರಿಂಗ್ ಕೂತುಹೋಗಿತ್ತು, ಗೋಣಿಚೀಲ ಮಡಚಿ ಇಟ್ಟುಕೊಂಡಿದ್ದರು. ನನ್ನ ವರದಿಯಲ್ಲಿ ಸುಳ್ಳು ಇರಲಿಲ್ಲ. ಆ ಗೋಣಿಚೀಲವೂ ಇರಲಿಲ್ಲ.

ಕಿಂಗ್ ವರದಿಗೆ ವಾಪಸ್ ಬರುತ್ತೇನೆ. ಅದರಲ್ಲಿ ಒಂದು ಮಾತು ಇದೆ, ಭಾವಾರ್ಥ ಹೇಳುತ್ತೇನೆ. ಈ ಗಾಡಿಯಿಂದ, ಅದರಲ್ಲೂ ಕಂಪನದಿಂದ, ಜನರಿಗೆ ಹಾನಿ ಆಗುತ್ತಿರಬಹುದು ಅಂತ ಸೇನೆ ನಂಬಲೇ ಇಲ್ಲ. ಇಂಥದ್ದನ್ನೆಲ್ಲ ಸೈನಿಕ ತಡೆದುಕೊಳ್ಳಬಲ್ಲ, ತಡೆದುಕೊಳ್ಳಬೇಕು ಅಂತ ಯಾರೂ ಬಾಯಿಬಿಟ್ಟು ಹೇಳದ ಒಂದು ನಿರೀಕ್ಷೆ ಇತ್ತು. ಇದು ನಮಗೆ ಹೊಸದಾ? ನೇಕಾರನಿಗೆ ಮಗ್ಗದ ಸದ್ದು ಅಭ್ಯಾಸ ಅನ್ನುತ್ತೇವೆ. ಬಸ್ ಡ್ರೈವರಿಗೆ ಬೆನ್ನು ನೋವು ಇದ್ದದ್ದೇ ಅನ್ನುತ್ತೇವೆ. ‘ಅಭ್ಯಾಸ ಆಗುತ್ತೆ’ ಅನ್ನುವುದಿದೆಯಲ್ಲ, ಕಿವಿಯ ವಿಷಯದಲ್ಲಿ ಅದಕ್ಕೆ ಒಂದೇ ಅರ್ಥ: ಕೇಳುವುದು ನಿಂತಿದೆ. ಸೈನಿಕ ಗುಂಡಿಗೆ ಎದೆ ಕೊಡಲು ಒಪ್ಪಿ ಬಂದಿರುತ್ತಾನೆ, ನಿಜ. ತನ್ನದೇ ಗಾಡಿಯ ಸ್ಪ್ರಾಕೆಟ್ಟಿಗೆ ಕಿವಿ ಕೊಡಲು ಒಪ್ಪಿದ್ದ ಅಂತ ಯಾರು ಹೇಳಿದರು?

ಕಿವಿ ಪರೀಕ್ಷೆ ಮಾಡಿಸಬೇಕಾದವರು ಅಂತ ಗುರುತಿಸಿದ್ದು 310 ಜನರನ್ನು. ಹೆಚ್ಚಿನವರಿಗೆ ತೊಂದರೆ ಕಾಣಲಿಲ್ಲ, ಕೆಲಸಕ್ಕೆ ಮರಳಿದರು. 2021ರ ಅಕ್ಟೋಬರಿನಲ್ಲಿ 17 ಜನ ಇನ್ನೂ ತಜ್ಞ ವೈದ್ಯರ ಬಳಿ ಹೋಗಿಬರುತ್ತಿದ್ದರು, ಕಿವಿಗೆ ಮತ್ತು ಬೇರೆ ತೊಂದರೆಗಳಿಗೆ. ಕೆಲವರಿಗೆ ಮೊದಲೇ ಕಿವಿಯ ತೊಂದರೆ ಇತ್ತು ಅಂತ ಸರ್ಕಾರ ಹೇಳಿತು. ಅದು ನಿಜವೇ ಇರಬಹುದು. ಆದರೆ ಮೊದಲೇ ಏಟು ಬಿದ್ದ ಕಿವಿಯವನನ್ನು ಅಂಥ ಗಾಡಿಯೊಳಗೆ ಕೂರಿಸಿದ್ದು ಸಮಾಧಾನದ ವಿಷಯ ಹೇಗಾಗುತ್ತದೆ ಅಂತ ನನಗೆ ಅರ್ಥವಾಗಿಲ್ಲ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 2021ರ ಕೊನೆಗೆ ಸುಮಾರು 320 ಕೋಟಿ ಪೌಂಡ್ ಕೊಟ್ಟಾಗಿತ್ತು. ಕೈಗೆ ಬಂದದ್ದು 26 ಗಾಡಿ, ಒಂದನ್ನೂ ಬಳಸುವ ಹಾಗಿಲ್ಲ. ಇದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2022ರ ಮಾರ್ಚಿನಲ್ಲಿ ಕೊಟ್ಟ ಲೆಕ್ಕ.

ದುಡ್ಡಿಗಿಂತ ನನ್ನ ತಲೆ ತಿಂದದ್ದು ಕಾನೂನು. ಖಾಸಗಿ ಕಾರ್ಖಾನೆಯಲ್ಲಿ ಹೀಗಾದರೆ ಅಲ್ಲಿನ ಸುರಕ್ಷತಾ ಇಲಾಖೆ, ಎಚ್‌ಎಸ್‌ಇ ಅನ್ನುತ್ತಾರೆ, ಮಾಲೀಕನನ್ನು ಕೋರ್ಟಿಗೆ ಎಳೆಯಬಹುದು. ಇಲ್ಲಿ ಮಾಲೀಕ ಸರ್ಕಾರವೇ. ರಕ್ಷಣಾ ಇಲಾಖೆಯ ಮೇಲೆ ಅವರು ಮೊಕದ್ದಮೆ ಹಾಕುವಂತಿಲ್ಲ, ಹೆಚ್ಚೆಂದರೆ ಛೀಮಾರಿ ಹಾಕಬಹುದು. ಗಾಡಿ ಬೇಕು ಅನ್ನುವುದೂ ಆ ಇಲಾಖೆ, ಕೊಳ್ಳುವುದೂ ಅದೇ, ಪರೀಕ್ಷೆ ಮಾಡುವುದೂ ಅದೇ, ಸುರಕ್ಷಿತ ಅಂತ ಮುದ್ರೆ ಒತ್ತುವುದೂ ಅದೇ. ಮನೆಯವರೇ ಪ್ರಶ್ನೆಪತ್ರಿಕೆ, ಮನೆಯವರೇ ಉತ್ತರಪತ್ರಿಕೆ, ಮನೆಯವರೇ ಮಾರ್ಕ್ಸು.

2022ರಲ್ಲಿ ಕ್ಲೈವ್ ಶೆಲ್ಡನ್ ಅನ್ನುವ ವಕೀಲರಿಗೆ ಎಲ್ಲಿ ತಪ್ಪಿತು ನೋಡಿ ಅಂತ ಹೇಳಿದರು. 2023ರ ಜೂನಿನಲ್ಲಿ ಅವರ ವರದಿ ಬಂತು, 24 ಶಿಫಾರಸು. ಅದರ ತಿರುಳು: ಗೊತ್ತಿದ್ದವರು ಒಂದು ಕೋಣೆಯಲ್ಲಿ, ನಿರ್ಧಾರ ಮಾಡುವವರು ಇನ್ನೊಂದು ಕೋಣೆಯಲ್ಲಿ. ಕೆಳಗಿನ ಮಾತು ಮೇಲೆ ಹತ್ತಲಿಲ್ಲ. ಎಲ್ಲ ಸರಿಹೋಗುತ್ತದೆ ಅನ್ನುವ ಭರವಸೆಯೇ ಲೆಕ್ಕದ ಜಾಗದಲ್ಲಿ ಕೂತಿತ್ತು. ಅಷ್ಟರಲ್ಲಿ ಗಾಡಿಗೂ ಹೆಡ್‌ಸೆಟ್ಟಿಗೂ ಬದಲಾವಣೆ ಮಾಡಿ, ಸೈನಿಕರನ್ನು ಮತ್ತೆ ಕೂರಿಸಿ ನೋಡಿ, 2023ರ ಮಾರ್ಚಿನಲ್ಲಿ ನಿಲ್ಲಿಸಿದ್ದ ಪಾವತಿಯನ್ನೂ ಶುರು ಮಾಡಿದ್ದರು. ಮೊದಲ ಕಂತು 48 ಕೋಟಿ ಪೌಂಡ್. ಆಗ ನಾನೂ ಅಂದುಕೊಂಡೆ, ಸರಿ, ಇನ್ನು ಈ ಕಥೆಯನ್ನು ಪಾಠವಾಗಿ ಹೇಳಬಹುದು ಅಂತ. ಟಿಪ್ಪಣಿಯನ್ನೂ ಹಾಗೇ ಮಾಡಿಟ್ಟುಕೊಂಡಿದ್ದೆ. ಕೊನೆಯ ಪುಟವನ್ನು ಮತ್ತೆ ಬರೆಯಬೇಕಾಯಿತು.

2025ರ ನವೆಂಬರ್ 6. ಮಂತ್ರಿ ಲ್ಯೂಕ್ ಪೊಲಾರ್ಡ್ ಮರ್ಥರ್ ಕಾರ್ಖಾನೆಗೆ ಹೋಗಿ, ಅಜಾಕ್ಸ್ ಈಗ ಸೇವೆಗೆ ಸಿದ್ಧ ಅಂತ ಘೋಷಿಸಿದರು. ನವೆಂಬರ್ 22ಕ್ಕೆ ಸಾಲಿಸ್‌ಬರಿ ಬಯಲಿನಲ್ಲಿ ಸಮರಾಭ್ಯಾಸ. ಗಾಡಿಯಿಂದ ಇಳಿದವರಲ್ಲಿ ಸುಮಾರು 30 ಜನರಿಗೆ ಸದ್ದು ಮತ್ತು ಕಂಪನದ ಲಕ್ಷಣಗಳು. ಕೆಲವರಿಗೆ ವಾಂತಿ, ನಡುಕ ಅಂತ ಪತ್ರಿಕೆಗಳು ಬರೆದವು. ಗಾಡಿಗಳ ಬಳಕೆ ಮತ್ತೆ ನಿಂತಿತು. ಘೋಷಣೆಗೂ ಇದಕ್ಕೂ ನಡುವೆ ಹದಿನಾರು ದಿನ. ಘೋಷಣೆಗೆ ಮುಂಚೆ ಗಾಡಿ ಸುರಕ್ಷಿತ ಅಂತ ತನಗೆ ಬರವಣಿಗೆಯಲ್ಲೇ ಭರವಸೆ ಕೊಟ್ಟಿದ್ದರು ಅಂತ ಮಂತ್ರಿ ಪಾರ್ಲಿಮೆಂಟಿನಲ್ಲಿ ಹೇಳಿದರು.

ಆ ಪತ್ರ ಬರೆದವರು ಗಾಡಿಯಲ್ಲಿ ಎಷ್ಟು ಗಂಟೆ ಕೂತಿದ್ದರು, ಯಾವ ಗಾಡಿಯಲ್ಲಿ, ಯಾವ ನೆಲದ ಮೇಲೆ? ನಾನಾಗಿದ್ದರೆ ಕೇಳುತ್ತಿದ್ದದ್ದು ಅಷ್ಟೇ. ಇನ್ನು ನೀವು ಕೇಳಿ. ಪ್ರಶ್ನೆ ಇರುವವರು ದಯವಿಟ್ಟು ನನ್ನ ಬಲಗಡೆ ಬನ್ನಿ.